ಜಾಜ್ ಜೊತೆ ನಮ್ಮ ರಮಾಮಣಿ



ಜಾಜ್ ನಮ್ಮದಲ್ಲ ಎಂದುಕೊಂಡಿದ್ದೆ, ಬೆಂಗಳೂರಿನ ಆರ್.ಎ. ರಮಾಮಣಿಯವರನ್ನು ಕೇಳುವವರೆಗೆ. 1983ರಲ್ಲಿ ಧ್ವನಿಮುದ್ರಿಸಿದ ‘ಜ್ಯೋತಿ’ ಆಲ್ಬಂ ಅನ್ನು ಜರ್ಮನಿಯ ಇಸಿಎಂ ಸಂಸ್ಥೆ ಹೊರತಂದಿತು. ಅಮೆರಿಕದ ಚಾರ್ಲಿ ಮರಿಯಾನೊ ಅವರ ಸ್ಯಾಕ್ಸೋಫೋನ್, ಪತಿ ಟಿ.ಎ.ಎಸ್. ಮಣಿಯವರ ಮೃದಂಗ, ಜೊತೆಗೆ ಶಶಿಕುಮಾರ್, ರಾಜಗೋಪಾಲ್ ಅವರ ತಾಳವಾದ್ಯಗಳು. ಮಣಿಯವರು 1964ರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಬಳಗವೇ ಇದು.

ಜಾಜ್‌ಗಾಗಿ ರಮಾಮಣಿ ರಾಗ, ಗಮಕ ಬಿಡಲಿಲ್ಲ. ಮರಿಯಾನೊ ಕೂಡ ತಮ್ಮತನ ಬಿಡದೆ, ಅವರ ದನಿಗೆ ಕಿವಿಗೊಟ್ಟು ಉತ್ತರಿಸುತ್ತಾರೆ.

ಬೇಗಂಪೇಟೆಗೆ ಬಂದ ಹೊಸದರಲ್ಲಿ ಆಫೀಸಿನಿಂದ ಅಮ್ಮನಿಗೆ ಫೋನ್ ಮಾಡುವಾಗ ಕನ್ನಡವನ್ನು ಪಿಸುಮಾತಿನಲ್ಲಿ ಆಡುತ್ತಿದ್ದೆ. ಬೆರೆಯಲು ದನಿ ತಗ್ಗಿಸಬೇಕಿಲ್ಲ ಎಂದು ಈ ಹಾಡುಗಳು ಹೇಳಿದವು. ಇಂದು ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ಒಮ್ಮೆ ಕೇಳಿ.