ನಿವೃತ್ತ ಗಣಕದ ಎರಡನೆಯ ಉದ್ಯೋಗ

ನಮ್ಮ ರಾಜ್ಯದಲ್ಲಿ ಸರ್ಕಾರಿ ನೌಕರನಾದವನು ಅರವತ್ತನೆಯ ವಯಸ್ಸಿಗೆ ನಿವೃತ್ತನಾಗುತ್ತಾನೆ. ಕಚೇರಿಯ ಗಣಕಯಂತ್ರಕ್ಕೆ ಅಷ್ಟು ಆಯುಸ್ಸನ್ನು ಯಾರೂ ಕೊಡುವುದಿಲ್ಲ. ನಾಲ್ಕೈದು ವರ್ಷಗಳಲ್ಲಿ ಅದರ ವಾರಂಟಿ ಮುಗಿಯುತ್ತದೆ. ಲೆಕ್ಕದ ಪುಸ್ತಕದಲ್ಲಿ ಅದರ ಬೆಲೆ ಕರಗುತ್ತದೆ. ಯಾವ ರೋಗವೂ ಇಲ್ಲದ ಯಂತ್ರವನ್ನು ಒಂದು ದಿನ ಅದರ ಸಂಗಡಿಗರೊಡನೆ ಲಾರಿಗೆ ಹೇರಿ ಕಳುಹಿಸಿಬಿಡುತ್ತಾರೆ. ಬೆಂಗಳೂರಿನಂತಹ ಕಚೇರಿಗಳ ಊರಿನಲ್ಲಿ ಇಂತಹ ನಿವೃತ್ತರು ಬಹುಮಂದಿ. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಅವು ಒಂದರ ಮೇಲೊಂದು ಪೇರಿಸಿಕೊಂಡು, ಹಿಂದಿನ ಯಜಮಾನನ ಆಸ್ತಿ ಸಂಖ್ಯೆಯ ಚೀಟಿಯನ್ನು ಇನ್ನೂ ಮೈಮೇಲೆ ಹೊತ್ತು, ಗಿರಾಕಿಗಾಗಿ ಕಾಯುತ್ತಿರುತ್ತವೆ.

ಇತ್ತ ಮನೆಯಲ್ಲಿ, ಆಟವಾಡಲು ಒಂದು ಗಣಕ ಬೇಕೆಂದು ಮಕ್ಕಳು ಕೇಳುತ್ತಾರೆ. ಬಣ್ಣದ ದೀಪಗಳು ಮಿನುಗುವ ಹೊಸ ಯಂತ್ರದ ಬೆಲೆಯನ್ನು ಕೇಳಿ ತಂದೆ ಮೌನವಾಗುತ್ತಾನೆ. ಇಲ್ಲವೆ ಕಂತಿನ ಸಾಲಕ್ಕೆ ರುಜು ಹಾಕುತ್ತಾನೆ. ಮೌನವೂ ಸಾಲವೂ ಎರಡೂ ಅನಗತ್ಯ ಎಂಬುದು ನನ್ನ ಅಭಿಪ್ರಾಯ. ಕಚೇರಿಯ ಯಂತ್ರವನ್ನು ಮಗುವಿನ ಆಟಕ್ಕೆ ಒಗ್ಗಿಸಬಹುದು. ಆ ಕೆಲಸದಲ್ಲಿ ಮಗುವಿನ ಕೈಯೂ ಇರಬೇಕು.

ಹಾಗಾದರೆ ಕಚೇರಿಯ ಗಣಕಕ್ಕೆ ಇರುವ ಕೊರತೆಯಾದರೂ ಏನು? ಬುದ್ಧಿಯ ಕೊರತೆಯಂತೂ ಅಲ್ಲ. ಕಡತದ ಅಕ್ಷರಗಳನ್ನು ಪರದೆಯ ಮೇಲೆ ಮೂಡಿಸುವುದು ಹಗುರವಾದ ಕೆಲಸ. ಅಕ್ಷರಗಳು ಒಮ್ಮೆ ಮೂಡಿದರೆ ಅಲ್ಲಿಯೇ ನಿಲ್ಲುತ್ತವೆ. ಆಟದಲ್ಲಿ ಯಾವುದೂ ನಿಲ್ಲುವುದಿಲ್ಲ. ಅಡ್ಡಕ್ಕೆ 1920, ಉದ್ದಕ್ಕೆ 1080 ಬಿಂದುಗಳಿರುವ ಸಾಧಾರಣ ಪರದೆಯಲ್ಲಿ ಒಟ್ಟು ಬಿಂದುಗಳು ಇಪ್ಪತ್ತು ಲಕ್ಷಕ್ಕೂ ಮಿಗಿಲು. ಚಲನೆ ನಯವಾಗಿ ಕಾಣಬೇಕಾದರೆ ಸೆಕೆಂಡಿಗೆ ಅರವತ್ತು ಬಾರಿಯಾದರೂ ಚಿತ್ರವನ್ನು ಹೊಸದಾಗಿ ಬರೆಯಬೇಕು. ಅಂದರೆ ಪ್ರತಿ ಸೆಕೆಂಡಿಗೆ ಹನ್ನೆರಡು ಕೋಟಿಗೂ ಹೆಚ್ಚು ಬಿಂದುಗಳಿಗೆ ಬಣ್ಣ ತುಂಬಬೇಕು. ಇದು ಗುಮಾಸ್ತೆಯ ಕೆಲಸವಲ್ಲ, ಚಿತ್ರಕಾರನದು. ಆ ಚಿತ್ರಕಾರನೇ ಗ್ರಾಫಿಕ್ಸ್ ಕಾರ್ಡು. ಕಚೇರಿಯವರು ಅದನ್ನು ಕೊಂಡಿರುವುದು ಅಪರೂಪ.

ಒಂದು ಯಂತ್ರವನ್ನೇ ಹೆಸರಿಸಿ ಹೇಳುತ್ತೇನೆ. 2013ರ ಡೆಲ್ ಆಪ್ಟಿಪ್ಲೆಕ್ಸ್ 9020 ಎಂಬುದು ಲೋಕದ ಎಷ್ಟೋ ಕಚೇರಿಗಳಲ್ಲಿ ದುಡಿದ ಗಣಕ. ಅದರಲ್ಲಿ ಸಾಮಾನ್ಯವಾಗಿ ಸಿಗುವ ಐ5-4570 ಎಂಬ ಪ್ರೊಸೆಸರಿಗೆ ನಾಲ್ಕು ಕೋರ್‌ಗಳುಂಟು. ಮಕ್ಕಳು ಆಡುವ ಬಹುಪಾಲು ಆಟಗಳಿಗೆ ಅಷ್ಟು ಸಾಕು. ಆದರೆ ವಿದ್ಯುತ್ತಿನ ವಿಷಯದಲ್ಲಿ ಎಚ್ಚರ ಬೇಕು. ಈ ಮಾದರಿಯ ಮಿನಿ ಟವರ್ ಕ್ಯಾಬಿನೆಟ್ಟಿನಲ್ಲಿರುವ ಎಸ್.ಎಂ.ಪಿ.ಎಸ್. ಕೇವಲ 290 ವ್ಯಾಟಿನದು. ಅದನ್ನು ಮದರ್‌ಬೋರ್ಡಿಗೆ ಜೋಡಿಸುವ ಕೊಂಡಿಯಾದರೋ ತಯಾರಕರದೇ ವಿಶಿಷ್ಟ ರೀತಿಯದು. ಅಂಗಡಿಯ ಸಾಮಾನ್ಯ ಎಸ್.ಎಂ.ಪಿ.ಎಸ್. ಅದಕ್ಕೆ ನೇರವಾಗಿ ಕೂಡುವುದಿಲ್ಲ. ಆದುದರಿಂದ ಪ್ರತ್ಯೇಕ ತಂತಿಯಿಂದ ವಿದ್ಯುತ್ ಬೇಡುವ ದೊಡ್ಡ ಕಾರ್ಡಿನ ಆಸೆಯನ್ನು ಬಿಡುವುದೇ ಲೇಸು. ಕಾರ್ಡನ್ನು ಕೂರಿಸುವ ಸ್ಲಾಟೇ 75 ವ್ಯಾಟಿನವರೆಗೆ ಕೊಡಬಲ್ಲದು. ಅಷ್ಟರಲ್ಲೇ ಸಂಸಾರ ಮಾಡುವ ಕಾರ್ಡುಗಳು ಇವೆ: 2016ರ ಜಿ.ಟಿ.ಎಕ್ಸ್. 1050 ಟಿ.ಐ., 2019ರ ಜಿ.ಟಿ.ಎಕ್ಸ್. 1650. ಇವುಗಳಲ್ಲಿಯೂ ಹೊರಗಿನ ತಂತಿಯನ್ನು ಕೇಳುವ ಕೆಲವು ಮಾದರಿಗಳುಂಟು. ಕೊಳ್ಳುವಾಗ ಕಣ್ಣಿಟ್ಟು ನೋಡಬೇಕು. ಪ್ರೊಸೆಸರಿಗೆ 84, ಕಾರ್ಡಿಗೆ 75, ಮಿಕ್ಕ ಭಾಗಗಳಿಗೆ ಇನ್ನಷ್ಟು ಎಂದು ಕೂಡಿದರೂ ಲೆಕ್ಕ ಇನ್ನೂರರ ಆಚೀಚೆ ನಿಲ್ಲುತ್ತದೆ. ಇದೇ ಗಣಕ ಚಿಕ್ಕ ಪೆಟ್ಟಿಗೆಯ ರೂಪದಲ್ಲಿಯೂ ಬರುತ್ತದೆ. ಅದರಲ್ಲಿ ಅರ್ಧ ಎತ್ತರದ ಕಾರ್ಡು ಮಾತ್ರ ಹಿಡಿಸುವುದರಿಂದ, ಮೇಜಿನ ಮೇಲೆ ಮುದ್ದಾಗಿ ಕಾಣುತ್ತದೆಂದು ಅದಕ್ಕೆ ಮರುಳಾಗಬಾರದು.

ಕಾರ್ಡಿನ ವ್ಯಾಪಾರದಲ್ಲಿ ಮೋಸವೂ ಉಂಟು. 2010ರ ಸುಮಾರಿನ ಹಳೆಯ ಚಿಪ್ಪಿನ ಕಾರ್ಡುಗಳ ಒಳಗಿನ ಗುರುತನ್ನು ತಿದ್ದಿ, 1050 ಟಿ.ಐ. ಎಂದು ಹೇಳಿಕೊಳ್ಳುವಂತೆ ಮಾಡಿ ಮಾರುವವರಿದ್ದಾರೆ. ಗಣಕವೂ ಆ ಸುಳ್ಳು ಹೆಸರನ್ನು ನಂಬಿ ತೋರಿಸುತ್ತದೆ. ಜಿ.ಪಿ.ಯು.-ಝಡ್ ಎಂಬ ಉಚಿತ ತಂತ್ರಾಂಶ ಮಾತ್ರ ಇಂತಹ ವೇಷವನ್ನು ಕಂಡುಹಿಡಿಯಬಲ್ಲದು. ಅಂಗಡಿಯಲ್ಲಿಯೇ ಅದನ್ನು ನಡೆಸಿ ತೋರಿಸಿರೆಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಪ್ರಾಮಾಣಿಕ ವ್ಯಾಪಾರಿ ಅದಕ್ಕೆ ಬೇಸರಿಸುವುದಿಲ್ಲ.

ಹಳೆಯ ಹಾರ್ಡ್ ಡಿಸ್ಕಿನ ಜಾಗದಲ್ಲಿ ಎಸ್.ಎಸ್.ಡಿ. ಹಾಕಿಸಬೇಕು. ಅದರಿಂದ ಆಟದ ಚಲನೆ ಚುರುಕಾಗುವುದಿಲ್ಲವಾದರೂ, ಆಟ ತೆರೆದುಕೊಳ್ಳುವವರೆಗೆ ಕಾಯುವ ಕಾಟ ತಪ್ಪುತ್ತದೆ. ರ‍್ಯಾಮು 16 ಜಿ.ಬಿ. ಇರಲಿ, ಒಂದೇ ಪಟ್ಟಿಗಿಂತ ಎಂಟೆಂಟರ ಎರಡು ಪಟ್ಟಿಗಳು ಮೇಲು, ಏಕೆಂದರೆ ಆಗ ಪ್ರೊಸೆಸರಿಗೆ ಎರಡು ದಾರಿಗಳಿಂದ ಸಾಮಗ್ರಿ ಒದಗುತ್ತದೆ. ದೀಪಾಲಂಕಾರದ ವಿಚಾರವನ್ನು ನಾನು ಎತ್ತುವುದಿಲ್ಲ.

ಇನ್ನು ಹೇಳಲೇಬೇಕಾದ ಒಂದು ಕಹಿ ಮಾತಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಆದರೋ ಇಂಟೆಲ್ಲಿನ ಎಂಟನೆಯ ಪೀಳಿಗೆಗಿಂತ ಹಿಂದಿನ ಪ್ರೊಸೆಸರುಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಮೇಲೆ ಹೇಳಿದ ಯಂತ್ರದ್ದು ನಾಲ್ಕನೆಯ ಪೀಳಿಗೆ. ಗಟ್ಟಿಮುಟ್ಟಾದ ಗಣಕಗಳು ಹೀಗೆ ಬೀದಿಗೆ ಬೀಳಲು ಇದೂ ಒಂದು ಕಾರಣ. ಲಿನಕ್ಸಿನ ದಾರಿ ತೆರೆದಿದೆ. 2018ರಲ್ಲಿ ವಾಲ್ವ್ ಸಂಸ್ಥೆ ಹೊರತಂದ ಪ್ರೋಟಾನ್ ಎಂಬ ಸಾಧನದಿಂದ ವಿಂಡೋಸಿಗಾಗಿ ಬರೆದ ಅನೇಕಾನೇಕ ಆಟಗಳು ಲಿನಕ್ಸಿನಲ್ಲಿಯೂ ನಡೆಯುತ್ತವೆ. ಮೈನ್‌ಕ್ರಾಫ್ಟಿನ ಜಾವಾ ಆವೃತ್ತಿಗೆ ಆ ಸಾಧನವೂ ಬೇಡ. ಆದರೆ ವ್ಯಾಲೊರಂಟ್, ಫೋರ್ಟ್‌ನೈಟ್ ಮುಂತಾದವು ಅಲ್ಲಿ ನಡೆಯುವುದಿಲ್ಲ. ಗೆಳೆಯರೆಲ್ಲ ಸಂಜೆ ಕೂಡುವುದು ಅಂತಹ ಆಟದಲ್ಲಿಯೇ ಆದರೆ, ಮಗುವಿಗೆ ಅದು ಸಣ್ಣ ನಷ್ಟವಲ್ಲ. ಹಣ ಕೊಡುವ ಮೊದಲೇ ಈ ಮಾತನ್ನು ಮಗುವಿನ ಮುಂದಿಡಬೇಕು. ಆ ಆಟಗಳೇ ಬೇಕೆಂದಾದರೆ ಎಂಟನೆಯ ಪೀಳಿಗೆಯ ಯಂತ್ರವನ್ನೇ ಹುಡುಕಬೇಕು. 2018ರ ಆಪ್ಟಿಪ್ಲೆಕ್ಸ್ 7060 ಅಂತಹುದು. ಬೆಲೆ ಸ್ವಲ್ಪ ಏರುತ್ತದೆ.

ನನ್ನ ನೆರೆಯ ಗೃಹಸ್ಥರೊಬ್ಬರು ಇಂತಹ ಪೆಟ್ಟಿಗೆಯೊಂದನ್ನು ಮನೆಗೆ ತಂದಾಗ ಅವರ ಏಳನೆಯ ತರಗತಿಯ ಮಗಳು ಅದರ ಚೀಟಿಯನ್ನು ಓದಿ, “ಅಪ್ಪಾ, ಇದು ಯಾರೋ ಬಿಸಾಡಿದ್ದಲ್ಲವಾ?” ಎಂದು ಕೇಳಿದಳಂತೆ. ಅವರು ಉತ್ತರಿಸಲು ಹೋಗಲಿಲ್ಲ. ಪಕ್ಕದ ಮುಚ್ಚಳವನ್ನು ತೆಗೆದು, “ಬಾಮ್ಮ, ಒಳಗೆ ನೋಡು” ಎಂದರು. ಕಾರ್ಡನ್ನು ಸ್ಲಾಟಿನಲ್ಲಿಟ್ಟು ಟಕ್ಕೆಂದು ಕೂರುವವರೆಗೆ ಒತ್ತಿದವಳು ಅವಳೇ. ಅನಂತರ ಮನೆಗೆ ಬಂದ ಗೆಳತಿಯರಿಗೆ ಆಟವನ್ನು ತೋರಿಸುವ ಮೊದಲು ಅವಳು ಮುಚ್ಚಳ ತೆಗೆದು ಆ ಕಾರ್ಡನ್ನು ತೋರಿಸುತ್ತಿದ್ದಳು. ಹಳೆಯದೆಂಬ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ಹೊಸ ಯಂತ್ರದ ಮೊಹರು ಬಿಚ್ಚಿದರೆ ವಾರಂಟಿ ಹೋದೀತೆಂದು ಹೆದರುವ ಮನೆಯಲ್ಲಿ ಈ ಭಾಗ್ಯ ಮಗುವಿಗೆ ಸಿಗುವುದು ಕಷ್ಟ.

ಮಗುವಿನ ಕೈ ಎಲ್ಲೆಲ್ಲಿಯೂ ಸಲ್ಲದು, ನಿಜ. ಕೆಲಸಕ್ಕೆ ಮೊದಲು ಗೋಡೆಯ ಪ್ಲಗ್ಗನ್ನು ಕಿತ್ತು, ಗಣಕದ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಖಾಲಿಮಾಡಬೇಕು. ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನಂತೂ ಮಗುವೂ ದೊಡ್ಡವರೂ ಬಿಚ್ಚಲಾಗದು. ಪ್ಲಗ್ಗು ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರಬಹುದು.

ವರ್ಷಗಟ್ಟಲೆ ಕಚೇರಿಯ ಮೇಜಿನಡಿ ಕುಳಿತ ಗಣಕದ ಹೊಟ್ಟೆಯಲ್ಲಿ ಧೂಳು ಹತ್ತಿಯಂತೆ ಮೆತ್ತಿರುತ್ತದೆ. ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟು ಒಣಗಿರುತ್ತದೆ. ಅದನ್ನು ಒರೆಸಿ ಹೊಸದನ್ನು ಕಡಲೆಕಾಳಿನಷ್ಟು ಹಚ್ಚಿದರೆ ಬಿಸಿ ತಗ್ಗುತ್ತದೆ. ಧೂಳು ಮತ್ತೆ ಬರುತ್ತದೆ. ಯುಗಾದಿಗೂ ದೀಪಾವಳಿಗೂ ಮನೆಯ ಜೇಡ ತೆಗೆಯುವ ದಿನವೇ ಗಣಕದ ಮುಚ್ಚಳವನ್ನೂ ತೆಗೆದು, ಮೃದುವಾದ ಕುಂಚವನ್ನು ಮಗುವಿನ ಕೈಗೆ ಕೊಡಬಹುದು. ಬ್ಲೋಯರಿನಿಂದ ಗಾಳಿ ಹಾಯಿಸುವುದಾದರೆ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. ಇಲ್ಲವಾದರೆ ಅದು ಮಿತಿಮೀರಿದ ವೇಗದಲ್ಲಿ ತಿರುಗಿ ಕೆಡುತ್ತದೆ.