ಚುಕ್ಕಿಯಿಂದ ಗೇಮ್‌ವರೆಗೆ

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳು)



ಕಂಪ್ಯೂಟರ್ ಗ್ರಾಫಿಕ್ಸ್, ಗೇಮ್ ತಯಾರಿಕೆ ಕಲಿಯಬೇಕು, ಎಲ್ಲಿಂದ ಶುರು ಮಾಡುವುದು ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಮಕ್ಕಳಿಗಾಗಿ ಕೆಲವರು, ತಮಗಾಗಿಯೇ ಕೆಲವರು. ಮೊದಲು ನಾನು ಸೋತ ಕಥೆ ಹೇಳಿಬಿಡುತ್ತೇನೆ.

ಎಂ.ಟೆಕ್. ಮುಗಿಸಿ ಐಟಿ ಕೆಲಸದಲ್ಲಿದ್ದವಳು, ಮಗಳು ಹುಟ್ಟಿದ ಮೇಲೆ ಮೂರು ವರ್ಷ ಮನೆಯಲ್ಲಿದ್ದೆ. ಆಗ ಗೇಮ್ ಕಲಿಯೋಣವೆಂದು ಒಂದು ದುಬಾರಿ ಆನ್‌ಲೈನ್ ಕೋರ್ಸ್ ಸೇರಿದೆ. ವಿಡಿಯೋ ನೋಡುತ್ತಾ ಹಾಗೇ ಟೈಪ್ ಮಾಡಿದರೆ ಎಲ್ಲವೂ ಓಡುತ್ತಿತ್ತು. ವಿಡಿಯೋ ಮುಚ್ಚಿದರೆ ಒಂದು ಚೆಂಡನ್ನೂ ಪುಟಿಸಲು ಬರುತ್ತಿರಲಿಲ್ಲ. ತಲೆಗೆ ತುಕ್ಕು ಹಿಡಿದಿದೆ ಎಂದುಕೊಂಡು ಬಿಟ್ಟುಬಿಟ್ಟೆ.

ಯುಗಾದಿಗೆ ಬಂದಿದ್ದ ಅಮ್ಮ ನಮ್ಮ ಫ್ಲ್ಯಾಟಿನ ಬಾಗಿಲಲ್ಲಿ ಏಳು ಸಾಲು, ಸಾಲಿಗೆ ಏಳು ಚುಕ್ಕಿ ಇಟ್ಟು ರಂಗೋಲಿ ಬಿಡಿಸುತ್ತಿದ್ದಳು. ನೋಡುತ್ತಿದ್ದ ಹಾಗೇ ಹೊಳೆಯಿತು, ಇದು ಒಂದರೊಳಗೊಂದು ಎರಡು ಲೂಪ್ ಅಲ್ಲವೇ! ಅಂದು ರಾತ್ರಿ ಪಿ5.ಜೆಎಸ್ ತೆರೆದೆ. ಅದು ಉಚಿತ, ಬ್ರೌಸರಿನಲ್ಲೇ ನಡೆಯುತ್ತದೆ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಹತ್ತೇ ಸಾಲಿನ ಕೋಡ್‌ಗೆ 49 ಚುಕ್ಕಿ ಪರದೆಗೆ ಬಂದವು. ಒಂದು ಎಚ್ಚರಿಕೆ: ಇದು ಶಾಲೆಯ ಗ್ರಾಫ್‌ನಂತಲ್ಲ. ಇಲ್ಲಿ ಸೊನ್ನೆ ಇರುವುದು ಮೇಲಿನ ಎಡ ಮೂಲೆಯಲ್ಲಿ. ಕೆಳಗಿಳಿದಷ್ಟೂ ವೈ ಬೆಲೆ ಹೆಚ್ಚುತ್ತದೆ. ಇದು ತಿಳಿಯದೆ ನಾನು ಬರೆದ ದೀಪ ತಲೆಕೆಳಗಾಗಿತ್ತು!

ನಾನು ಹೇಳುವ ದಾರಿ ಇಷ್ಟು. ಎಂಟು ವರ್ಷ ದಾಟಿದ ಮಕ್ಕಳಿಗೆ ಎಂಐಟಿಯಲ್ಲಿ ಹುಟ್ಟಿದ ಸ್ಕ್ರ್ಯಾಚ್. ದೊಡ್ಡವರಿಗೆ ಪಿ5.ಜೆಎಸ್, ಜೊತೆಗೆ ಡೇನಿಯಲ್ ಶಿಫ್‌ಮನ್ ಅವರ ಯೂಟ್ಯೂಬ್ ಪಾಠಗಳು. ಅದು ಕೈಗೆ ಹತ್ತಿದ ಮೇಲೆ ಗೊಡೋ ಎಂಬ ಉಚಿತ ಗೇಮ್ ಎಂಜಿನ್. ಅದರ ಅಧಿಕೃತ ಕೈಪಿಡಿಯಲ್ಲೇ ಮೊದಲ 2ಡಿ ಗೇಮ್ ಮಾಡಿಸುವ ಪಾಠವಿದೆ. 3ಡಿ ಮಾದರಿಗಳಿಗೆ ಬ್ಲೆಂಡರ್, ಅದೂ ಉಚಿತ. ಸಿ++ ಬಲ್ಲವರಿಗೆ, ಬೆಳಕು-ನೆರಳಿನ ಲೆಕ್ಕ ತಿಳಿಯಬೇಕೆಂದಿದ್ದರೆ, ಪೀಟರ್ ಶರ್ಲಿ ಅವರ 'ರೇ ಟ್ರೇಸಿಂಗ್ ಇನ್ ಒನ್ ವೀಕೆಂಡ್' ಆನ್‌ಲೈನ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಹೆಸರನ್ನು ನಂಬಬೇಡಿ, ನನಗೆ ಐದು ವಾರಾಂತ್ಯ ಹಿಡಿಯಿತು.

ಇವೆಲ್ಲವನ್ನೂ ಒಟ್ಟಿಗೆ ಹಚ್ಚಿಕೊಳ್ಳಬೇಡಿ. ಒಂದು ಪಾಠ ನೋಡಿ, ಮುಚ್ಚಿಡಿ, ನೋಡದೆ ಮಾಡಿ. ಆಮೇಲೆ ಅದರಲ್ಲಿ ಏನಾದರೊಂದು ಬದಲಿಸಿ. ನಾನು ತಪ್ಪಿದ್ದು ಅಲ್ಲೇ. ಮೊದಲ ಗೇಮ್ 1972ರ ಪಾಂಗ್‌ನಷ್ಟು ಚಿಕ್ಕದಿರಲಿ: ಎರಡು ಬ್ಯಾಟು, ಒಂದು ಚೆಂಡು. ಆದರೆ ಪೂರ್ತಿ ಮುಗಿಸಿ.

ನಾನೇನೂ ಗೇಮ್ ಕಂಪನಿ ಸೇರಲಿಲ್ಲ, ಮರಳಿದ್ದು ಹಳೆಯ ಐಟಿ ಕೆಲಸಕ್ಕೇ. ಆದರೆ ಮೂರು ವರ್ಷದ ನಂತರ ಸಂದರ್ಶನಕ್ಕೆ ಹೋಗಿ ಕೂರುವ ಧೈರ್ಯ ಬಂದದ್ದು ಆ 49 ಚುಕ್ಕಿಗಳಿಂದ. ನಿಮ್ಮದು ಪರದೆಗೆ ಬಂದ ದಿನ ನಮ್ಮ ಗುಂಪಿನಲ್ಲಿ ಹಾಕಿ, ನೋಡಲು ಕಾಯುತ್ತಿರುತ್ತೇನೆ.