ಹಸ್ತಪ್ರತಿ ಕೊಡುವ ಮುನ್ನ

ಪ್ರೇಮ ಕಾದಂಬರಿ ಬರೆದಾಯಿತು, ಪ್ರಕಾಶಕರನ್ನು ಹುಡುಕುವುದು ಹೇಗೆ ಎಂದು ಕೇಳುತ್ತೀರಿ. ಹಿಂದೆ ಇದಕ್ಕೊಂದು ರೂಢಿಯ ದಾರಿಯಿತ್ತು: ವಾರಪತ್ರಿಕೆಯಲ್ಲಿ ಧಾರಾವಾಹಿ, ಆಮೇಲೆ ಪುಸ್ತಕ, ಅಲ್ಲಿಂದ ಬೀದಿಯ ಸರ್ಕ್ಯುಲೇಟಿಂಗ್ ಲೈಬ್ರರಿ. ಅಲ್ಲಿ ಪುಟ ಕಿತ್ತುಬರುವಷ್ಟು ಜನ ಓದಿದರೂ ಮಾರಾಟದ ಲೆಕ್ಕಕ್ಕೆ ಸಿಕ್ಕಿದ್ದು ಒಂದೇ ಪ್ರತಿ!

ಈಗ ಪುಸ್ತಕದಂಗಡಿಗೆ ಹೋಗಿ, ನಿಮ್ಮ ಬಗೆಯ ಕಾದಂಬರಿಗಳನ್ನು ಯಾರು ಅಚ್ಚು ಹಾಕಿದ್ದಾರೆ ನೋಡಿ; ಅವರಿಗೇ ಕಳಿಸಿ. ಅವರು ಒಪ್ಪಿದರೆಂಬ ಸಂತೋಷದಲ್ಲಿ ಮಾತ್ರ ಕಣ್ಣುಮುಚ್ಚಿ ಸಹಿ ಹಾಕಬೇಡಿ.

ತ್ರಿವೇಣಿಯವರನ್ನೇ ನೋಡಿ. 1963ರಲ್ಲಿ, 35 ತುಂಬುವ ಮೊದಲೇ ತೀರಿಕೊಂಡರು. ಪುಟ್ಟಣ್ಣ ಕಣಗಾಲ್ ಅವರ ‘ಬೆಳ್ಳಿಮೋಡ’ ಚಿತ್ರ ಬಂದದ್ದು 1967ರಲ್ಲಿ, ‘ಶರಪಂಜರ’ 1971ರಲ್ಲಿ. ಕಾದಂಬರಿಗಳನ್ನು ಬರೆದಾಕೆ ಎರಡನ್ನೂ ನೋಡಲಿಲ್ಲ.

ಕೃತಿಯ ಹಕ್ಕು ಲೇಖಕರ ನಂತರವೂ 60 ವರ್ಷ ಉಳಿಯುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಅದನ್ನು ವಹಿಸಿಕೊಡುವುದು ಬರಹದಲ್ಲೇ ಆಗಬೇಕು. ಅವಧಿ ಬರೆಯದಿದ್ದರೆ 5 ವರ್ಷವೆಂದೇ ಲೆಕ್ಕ. ಎಷ್ಟು ಪ್ರತಿ? ಮರುಮುದ್ರಣಕ್ಕೆ ಗೌರವಧನವೆಷ್ಟು? ಸಿನಿಮಾ ಹಕ್ಕು ಯಾರದು? ಮೊದಲ ಪುಸ್ತಕಕ್ಕೇ ಇಷ್ಟೆಲ್ಲ ಕೇಳಲು ಸಂಕೋಚ, ನಿಜ. ಆದರೂ ಕೇಳಿ.

ಅಚ್ಚಿನ ಖರ್ಚು ನೀವೇ ಕೊಡಿ ಎಂದರೋ, ಹಸ್ತಪ್ರತಿ ವಾಪಸ್ ತೆಗೆದುಕೊಂಡು ಮುಂದಿನ ಬಾಗಿಲಿಗೆ ನಡೆಯಿರಿ.